ಕಪ್ಪಾದ ಕಾಳು

ಹಳಿಯಾಳದ ಹೊರಗೆ, ಕಬ್ಬಿನ ಹೊಲಗಳ ಮಗ್ಗುಲಲ್ಲಿದ್ದ ಒಂದು ತಗಡಿನ ಶೆಡ್ಡಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ದಾಂಡೇಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಶೆಡ್ಡು ಹಾಕಿಸಿದವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ನಮ್ಮ ಸರ್. ನಮ್ಮಿಬ್ಬರ ಜೊತೆ ಮುಂಡಗೋಡ ಕಡೆಯ ಸಿದ್ದಿ ಮನೆತನದ ಹೆಣ್ಣುಮಗಳೊಬ್ಬಳಿದ್ದಳು. ಐಟಿಐ ಕಲಿತವಳು, ನನಗಿಂತ ದೊಡ್ಡವಳು. ಅಕ್ಕ ಅನ್ನುತ್ತಿದ್ದೆ. ಕರೆಂಟಿನ ಕುಲುಮೆ, ಪಂಪು, ವಾಲ್ವು ಎಲ್ಲ ಅವಳ ಕೈಯಲ್ಲಿ.

ಮದ್ಯಸಾರವನ್ನು ಆವಿ ಮಾಡಿ, ಕಾದ ಉಕ್ಕಿನ ಕೊಳವೆಯಲ್ಲಿ ತುಂಬಿದ ಬಿಳಿ ಕಾಳುಗಳ ಮೇಲೆ ಹಾಯಿಸುವುದು ನಮ್ಮ ಕೆಲಸ. ಆ ಕಾಳುಗಳೇ ಕ್ಯಾಟಲಿಸ್ಟ್, ಅಂದರೆ ಕ್ರಿಯೆ ನಡೆಸುವ ವೇಗವರ್ಧಕ. ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ಅಲ್ಲಿ ಹೊಕ್ಕ ಮದ್ಯಸಾರ ನೀರನ್ನು ಬಿಟ್ಟುಕೊಟ್ಟು, ಪೆಟ್ರೋಲಿನಂಥ ಎಣ್ಣೆಯಾಗಿ ಹೊರಬರುತ್ತದೆ. ಮೊದಲ ಬಾಟಲಿ ತುಂಬಿದ ದಿನ ಅಕ್ಕ ಅದನ್ನು ಹಿತ್ತಲಿನ ನೀರೆತ್ತುವ ಪಂಪಿಗೆ ಸುರಿದಳು. ಒಂದಿಷ್ಟು ಕೆಮ್ಮಿ ಪಂಪು ಓಡಿತು. ಸರ್ ಪೈಪಿನ ನೀರಿಗೆ ಕೈಯೊಡ್ಡಿ ನಿಂತೇ ಇದ್ದರು.

ಆದರೆ ಸರ್ ಮನಸ್ಸಿನಲ್ಲಿದ್ದದ್ದು ಬೇರೆ, ಹೊಲದ ಕಸದಿಂದ ಎಣ್ಣೆ ತೆಗೆಯುವುದು. "ಮದ್ಯಸಾರಕ್ಕ ದೊಡ್ಡ ಗಿರಾಕಿ ಅದಾರ. ನಮಗ ಸಿಗೂದು ಗೋವಿನಜೋಳದ ಕಸ ಅಷ್ಟ," ಅನ್ನುತ್ತಿದ್ದರು. ಮುಂಡಗೋಡ ಸುತ್ತಿನ ಇಂದೂರ, ಮಳಗಿ, ಟಿಬೆಟನ್ ಕಾಲೊನಿ ಕಡೆ ಜೋಳ ಉದುರಿಸಿದ ಮೇಲೆ ಉಳಿಯುವ ಬರಿ ತೆನೆಗಳನ್ನು ತರಿಸಿ, ಪುಡಿ ಮಾಡಿ ಹುಳಿ ಬರಿಸಿ, ಅದರಿಂದ ಬಂದ ಆಮ್ಲವನ್ನು ಮದ್ಯಸಾರದೊಂದಿಗೆ ಬೆರೆಸಿ ಹಾಯಿಸಿದೆವು. ಕೊಳವೆ ಬಿಚ್ಚಿದಾಗ ಒಳಗಿನ ಬಿಳಿ ಕಾಳೆಲ್ಲ ಕಪ್ಪಾಗಿದ್ದವು. ಮಸಿ ಕಟ್ಟಿ ತೂತು ಮುಚ್ಚಿಹೋಗಿದ್ದವು.

ಗಾಳಿ ಹಾಯಿಸಿ ಮಸಿ ಸುಟ್ಟರೆ ಮತ್ತೆ ಬೆಳ್ಳಗಾಗುತ್ತಿದ್ದವು. ಆದರೆ ಪ್ರತಿ ಸಲ ಎಣ್ಣೆ ಕಡಿಮೆ ಬರುತ್ತಿತ್ತು. ಮಸಿ ಸುಡುವಾಗ ಏಳುವ ಬಿಸಿ ನೀರಾವಿಗೆ ಕಾಳಿನ ಒಳಗಿನ ರಚನೆಯೇ ಕೆಡುತ್ತಿದೆ ಅನ್ನುವುದು ನನಗೆ ಖಾತ್ರಿಯಾಯಿತು.

"ಸರ್, ಮಸಿ ಸುಡಬಹುದ್ರಿ. ಒಳಗ ಕೆಟ್ಟದ್ದು ತಿರುಗಿ ಬರೂದಿಲ್ಲ."

"ಹೊಸಾ ಕಾಳು ತರಸೂಣು."

"ಅವೂ ಹಿಂಗ ಆಗ್ತಾವ್ರಿ. ಆಮ್ಲ ಬಿಡಬೇಕು."

"ಆಮ್ಲ ಬಿಟ್ಟರ ನಾವು ಇಲ್ಲಿ ಯಾಕ ಕುಂದರಬೇಕು, ಹೇಳವಾ?"

ಆಮ್ಲವನ್ನೂ ಮದ್ಯಸಾರವನ್ನೂ ಮೊದಲೇ ಕೂಡಿಸಿ ಎಸ್ಟರ್ ಅನ್ನುವ ದ್ರವ ಮಾಡಿ ಹಾಯಿಸಿದೆವು. ಶೆಡ್ಡೆಲ್ಲ ಹಣ್ಣಿನ ವಾಸನೆ. ಮಸಿ ತುಸು ತಡವಾಗಿ ಬಂತು, ಆದರೆ ಬಂತು. ಹೊಸ ಕಾಳುಗಳೂ ಹಾಗೇ ಸತ್ತವು. ಒಂದು ಮಧ್ಯಾಹ್ನ ಸರ್ ಕುಲುಮೆಯ ಸ್ವಿಚ್ ತಾವೇ ಆರಿಸಿ, "ಸಾಕು," ಅಂದರು.

ಅಕ್ಕನ ಊರಿನವರು ನಮಗಾಗಿಯೇ ತೆನೆಗಳನ್ನು ತಾಡಪತ್ರಿ ಮುಚ್ಚಿ ಕಾಯ್ದಿಟ್ಟಿದ್ದರು. ಹಾಗೆ ಇಡಿರೆಂದು ಹೇಳಿದವಳು ಅವಳೇ. ಇನ್ನು ಬೇಕಿಲ್ಲವೆಂದು ಹೇಳಿಬರಲು ಅಕ್ಕ, ನಾನು ಇಬ್ಬರೂ ಹೋದೆವು. ಅವಳ ಚಿಕ್ಕಮ್ಮ ಚಹಾ ಕೊಟ್ಟು ಕೇಳಿಸಿಕೊಂಡಳು.

"ಹಂಗಾದ್ರ ಒಲಿಗೆ ಹಾಕೂದೇನು?"

"ಹಾಕ್ರಿ," ಅಂದಳು ಅಕ್ಕ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದಳು.

ಉಕ್ಕಿನ ಕೊಳವೆಗಳನ್ನು ಗುಜರಿಯವರು ಕತ್ತರಿಸಿ ಒಯ್ದರು. ಸರ್ ಈಗ ಮನೆಯಿಂದ ಹೊರಬೀಳುವುದು ಕಡಿಮೆ. ಫೋನ್ ಮಾಡಿದರೆ ಆರೋಗ್ಯದ ಮಾತಷ್ಟೇ ಆಡುತ್ತಾರೆ. ನಾನು ಮುಂಡಗೋಡಿನಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಕ್ರಿಯೆಯ ಕೊನೆಗೆ ಕ್ಯಾಟಲಿಸ್ಟ್ ಬದಲಾಗದೆ ಉಳಿಯುತ್ತದೆ ಅಂತ ಪುಸ್ತಕದಲ್ಲಿದೆ. ಪರೀಕ್ಷೆಗೆ ಬೇಕಾದದ್ದು ಅದೇ, ಅದನ್ನೇ ಬರೆಸುತ್ತೇನೆ.

ಹೋದ ಸುಗ್ಗಿಯಲ್ಲಿ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಟಿಬೆಟನ್ ಕಾಲೊನಿಯ ಹೊಲಗಳಿಗೆ ತೆನೆ ಮುರಿಯುವ ಕೂಲಿಗೆ ಹೊರಟಿದ್ದಳು.

"ನಿಮ್ಮ ಕಾಲೇಜಿನ್ಯಾಗ ಏನರ ಕೆಲಸ ಐತೇನು?" ಅಂತ ಕೇಳಿದಳು.

"ಇಲ್ಲಕ್ಕಾ. ನಂದೂ ಈ ವರ್ಷದ ಮಟ್ಟಿಗೆ ಅಷ್ಟ."

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಕೂಲಿಯವರ ಟೆಂಪೊ ಬಂತು, ಹಿಂದಿನಿಂದ ಹತ್ತಿ ನಿಂತಳು.