ಕಿರೀಟ ಇಳಿಸುವ ಮೊದಲು ತೆಗೆಸಿದ ಫೋಟೋ

ಬೀಳಗಿ ಕಡೆಯ ನಮ್ಮ ಊರಿಗೆ ಆಣೆಕಟ್ಟಿನ ಹಿನ್ನೀರು ಬರುವುದು ಖಾತ್ರಿಯಾದ ವರ್ಷ, ದೊಡ್ಡಾಟದ ಫೋಟೋ ತೆಗೆಸಿಡಬೇಕೆಂದು ಹಿರಿಯರು ಬನಹಟ್ಟಿಯಿಂದ ಫೋಟೋದವನನ್ನು ಕರೆಸಿದರು. ಅಲ್ಲಿಯ ತನಕ ನಮ್ಮ ಆಟಕ್ಕೆ ಯಾರೂ ಕ್ಯಾಮೆರಾ ಹಿಡಿದಿರಲಿಲ್ಲ. ನನ್ನ ಗಂಡ ಕುರಿ ಕಾಯುವವನು. ಆಟದಲ್ಲಿ ದೇವಿಯ ಪಾತ್ರ ಅವನದು. ಮೀಸೆ ಬೋಳಿಸಿದರೆ ನನಗಿಂತ ಚೆಂದ ಕಾಣುತ್ತಿದ್ದ. ಇರಲಿ.

ನಾವಿಬ್ಬರೂ ಜೊತೆಗೆ ನಿಂತ ಒಂದು ಫೋಟೋ ಬೇಕೆಂದು ನನ್ನ ಆಸೆ. ಮದುವೆಯಲ್ಲೂ ತೆಗೆಸಿರಲಿಲ್ಲ.

ಬೆಳಿಗ್ಗೆ ಮಂಗಳ ಹಾಡಿ ಆಟ ಮುಗಿಯಿತು. ಬಿಸಿಲು ಬಿದ್ದ ಮೇಲೆ ಫೋಟೋದವನು ಪಾತ್ರದವರನ್ನೆಲ್ಲ ಆಟದ ಕಟ್ಟೆಯ ಮುಂದೆ ನಿಲ್ಲಿಸಿ ತೆಗೆದ. ನಾನು ಇಳಕಲ್ ಸೀರೆಯುಟ್ಟು ಹೋಗಿ ಗಂಡನ ಪಕ್ಕ ನಿಂತೆ. ಆಟ ಕಲಿಸುವ ಮಾಸ್ತರ ಓಡಿ ಬಂದ.

“ಏ ಯವ್ವಾ, ಸರಿ ಅತ್ತಾಗ! ತಲಿಮ್ಯಾಲ ಕಿರೀಟ ಐತಿ. ಬೀರಪ್ಪನ ಗುಡ್ಯಾಗ ಇಳಿಸೂತನಕ ಆಕಿ ದೇವಿ, ನಿನ್ನ ಗಂಡ ಅಲ್ಲ.”

“ಹಂಗಾರ ನನ್ನ ಗಂಡ ಎಲ್ಲಿ ಹೋಗ್ಯಾನ್ರಿ?”

“ಗುಡಿಗಿ ಹೋಗಿ ಬರ್ತಾನ ತಗೋ.”

ನಮ್ಮಲ್ಲಿ ಪದ್ಧತಿಯೇ ಹಾಗೆ. ಪೂಜೆ ಮಾಡಿದ ಕಿರೀಟ ತಲೆಗೇರಿದರೆ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಗುಡಿಯ ದಾರಿಯುದ್ದಕ್ಕೂ ಮನೆಮನೆಯವರು ಅವನ ಕಾಲಿಗೆ ನೀರು ಹಾಕುತ್ತಾರೆ, ಕೂಸುಗಳನ್ನು ತಂದು ಕಾಲಮೇಲೆ ಹಾಕುತ್ತಾರೆ. ಅಷ್ಟು ಹೊತ್ತು ಫೋಟೋದವನು ಎಲ್ಲಿ ಕಾಯುತ್ತಾನೆ?

“ಬಸ್ ಬರೂ ಹೊತ್ತಾತ್ರಿ. ರೀಲಿನ್ಯಾಗ ಒಂದ ಉಳದೈತಿ,” ಎಂದ ಅವನು.

ದೇವಿ ಬಾಯಿ ಬಿಡುವಂತಿಲ್ಲ. ನನ್ನ ಕಡೆ ಕಣ್ಣು ಹೊರಳಿಸಿದಳು. ಆ ಕಣ್ಣು ನನಗೆ ಗೊತ್ತು. ಚಹಾ ಬೇಕಾದಾಗಲೂ ಹಾಗೇ ಹೊರಳುತ್ತದೆ.

ದೇವಿಗೆ ಬೆಳಗಲು ನಿಂತಿದ್ದ ಪಕ್ಕದವಳ ಕೈಯಿಂದ ಆರತಿ ತಟ್ಟೆ ಕಸಿದುಕೊಂಡೆ. “ಗಂಡಗಲ್ಲ, ದೇವಿಗಿ ಬೆಳಗತೇನಿ. ಬ್ಯಾಡ ಅನ್ರಿ ನೋಡೂಣು!”

ಮಾಸ್ತರ ಪಕ್ಕಕ್ಕೆ ಸರಿದ. ದೇವಿ ಕೈಯೆತ್ತಿ ಹರಸಿದಳು. ಫೋಟೋದವನು ಗುಂಡಿ ಒತ್ತಿದ.

ಫೋಟೋ ಬಂದಾಗ ನೋಡಿದರೆ ದೇವಿಯ ಮುಖ ಥಳಥಳ. ದೇವರ ಮುಂದೆ ತಲೆತುಂಬ ಸೆರಗು ಹೊದ್ದ ನನ್ನದು ಮೂಗಷ್ಟೇ ಕಂಡಿತು.

ಈಗ ಅದು ಹೊಸ ಊರಿನ ಮನೆಯ ಗೋಡೆಯ ಮೇಲಿದೆ. ಕೂಸಿಗೆ ಜ್ವರ ಬಂದರೆ ಓಣಿಯ ಹೆಣ್ಣುಮಕ್ಕಳು ಬಂದು ಅದಕ್ಕೆ ಕಾಯಿ ಇಟ್ಟು ಹೋಗುತ್ತಾರೆ. ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕಾಯಿ ಇಟ್ಟು ಕೇಳಿದಳು:

“ಈಕಿ ಯಾವೂರ ದೇವಿರಿ ಆಯಿ?”

ಕೆಳಗೆ ಬೀಡಿ ಸೇದುತ್ತ ಕೂತ ಮುದುಕನನ್ನು ತೋರಿಸಿದೆ. ನಂಬಲಿಲ್ಲ.

“ಆರತಿ ಹಿಡದಾಕಿ ಯಾರ್ರಿ?”

ನಾನು ಅಡ್ಡ ತಿರುಗಿ ಮೂಗು ತೋರಿಸಿದೆ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು, ಮುದುಕನನ್ನು ನೋಡಿ ಬಿದ್ದುಬಿದ್ದು ನಕ್ಕಳು.

“ಯವ್ವ, ಖರೇನ ಗಂಡ ಹೆಂಡತಿ! ಜೋಡಿ ಛಲೋ ಐತ್ರಿ.”

ಆದರೂ ಹೋಗುವಾಗ ಗಾಜಿಗೆ ಕುಂಕುಮ ಹಚ್ಚಿಯೇ ಹೋದಳು. ಮುದುಕ ಅವಳು ಇಟ್ಟ ಕಾಯಿ ಒಡೆದು ನನಗೂ ಒಂದು ಚೂರು ಕೊಟ್ಟ.