ಆರನೇ ಬೋಲ್ಟು

ಮೂರು ಬೀದಿ ಸೇರುವ ಮೂಲೆಯಲ್ಲಿ ಅವರದೊಂದು ಬೀಗದ ಅಂಗಡಿ. ನಾಲ್ಕು ಹೆಜ್ಜೆ ಅಗಲ, ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿ. ಅಲ್ಲಿ ಅವರು ಬೀಗದವರು. ಊರಾಚೆಯ ಬಂಡೆಯ ಬುಡದಲ್ಲಿ ಮಾತ್ರ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕರೆಯುವುದು ಉಫ್ ಮಾಮ ಎಂದು.

ಹೆಸರು ಬಂದದ್ದು ಕೆಲಸದಿಂದ. ಬಂಡೆ ಹತ್ತುವವರು ಹಗ್ಗ ಸಿಕ್ಕಿಸಿಕೊಳ್ಳುತ್ತ ಹೋಗಲು ದಾರಿಯುದ್ದಕ್ಕೂ ಉಕ್ಕಿನ ಬೋಲ್ಟುಗಳಿರಬೇಕು. ಕೈ ಜಾರಿದರೆ ಜೀವ ನಿಲ್ಲುವುದು ಅವುಗಳ ಮೇಲೆ. ಮಾಮ ವಾರಕ್ಕೊಂದು ದಿನ ಅಂಗಡಿಗೆ ಬಾಗಿಲು ಹಾಕಿ, ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿದು, ತೂತು ಕೊರೆದು, ಅಂಟು ತುಂಬಿ ಬೋಲ್ಟು ಕೂರಿಸುತ್ತಾರೆ. ತೂತಿನಲ್ಲಿ ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನೇ ಹೊರತು ಕಲ್ಲನ್ನಲ್ಲ. ಅದಕ್ಕೇ ಸಣ್ಣ ಕೊಳವೆಯಿಂದ ಊದುವುದು, ಬ್ರಶ್ ಆಡಿಸುವುದು, ಮತ್ತೆ ಊದುವುದು. ಒಂದು ತೂತಿಗೆ ನಾಲ್ಕು ಸಲ. ಕೆಳಗೆ ನಿಂತವರಿಗೆ ಕೇಳುವುದಿಷ್ಟೇ: ಉಫ್, ಉಫ್. ಕೆಲಸ ಮುಗಿಸಿ ಇಳಿದಾಗ ಹುಬ್ಬು ಮೀಸೆಯೆಲ್ಲ ಹಿಟ್ಟಿನ ಗಿರಣಿಯವರ ಹಾಗೆ ಬೆಳ್ಳಗಾಗಿರುತ್ತವೆ.

ಅವರು ಮಾಡಿದ ದಾರಿಗಳನ್ನೆಲ್ಲ ಮೊದಲು ಹತ್ತುವುದು ಅವರ ಅಕ್ಕ. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದು ನಿವೃತ್ತರಾದವರು. ಅರವತ್ತೆರಡು ವರ್ಷ. ಎತ್ತರ ತಮ್ಮನ ಭುಜದವರೆಗೆ, ದನಿ ಮೈದಾನದ ಆಚೆ ತುದಿಯವರೆಗೆ. ಮಂಡಿ ನೋವೆಂದು ಎಂಟು ತಿಂಗಳು ಬಂಡೆ ಮುಟ್ಟಿರಲಿಲ್ಲ. ಈಗ ಹನ್ನೊಂದು ಬೋಲ್ಟಿನ ಹೊಸ ದಾರಿಯನ್ನು ಭಾನುವಾರವೇ ಹತ್ತಬೇಕೆಂದು ಪಟ್ಟು ಹಿಡಿದಿದ್ದರು. ಸೋಮವಾರ ಡಾಕ್ಟರನ್ನು ಕಾಣಬೇಕಿತ್ತು.

"ಅವರು ಬೇಡ ಅಂದ್ಮೇಲೆ ಹತ್ತಿದ್ರೆ ತಪ್ಪು ಕಣೋ. ಅನ್ನೋಕೆ ಮುಂಚೆ ಹತ್ತಿದ್ರೆ ಯಾರೇನು ಕೇಳ್ತಾರೆ?"

ಬೋಲ್ಟು ಕೂರಿಸಿದ್ದು ಗುರುವಾರ. ಶನಿವಾರ ಮಧ್ಯಾಹ್ನ ಮಾಮ ಅಂಗಡಿಯಲ್ಲಿ ಕೂತು ಚೀಲದಿಂದ ಒಂದು ರಟ್ಟು ತೆಗೆದರು. ಪ್ರತಿ ತೂತಿಗೆ ಅಂಟು ತುಂಬುವ ಮುನ್ನ ಅದರದೇ ಒಂದು ಬೊಟ್ಟನ್ನು ರಟ್ಟಿಗಿಟ್ಟು, ಪಕ್ಕದಲ್ಲಿ ಬೋಲ್ಟಿನ ಸಂಖ್ಯೆ ಬರೆಯುವುದು ಅವರ ಪದ್ಧತಿ. ಒಣಗಿದ ಮೇಲೆ ಉಗುರಿನಿಂದ ಒತ್ತಿ ನೋಡುತ್ತಾರೆ. ಒಂದರಿಂದ ಐದು, ಏಳರಿಂದ ಹನ್ನೊಂದು, ಕಲ್ಲಿನಂತಿದ್ದವು. ಆರರಲ್ಲಿ ಉಗುರು ಇಳಿಯಿತು.

ಬೊಟ್ಟಿನಲ್ಲಿ ಬಿಳಿ ಕಪ್ಪು ಗೆರೆಗಳು ಹಾಗೇ ಇದ್ದವು. ಅಂಟಿನ ಟ್ಯೂಬಿನೊಳಗೆ ಎರಡು ಪೇಸ್ಟುಗಳಿದ್ದು, ಮೂತಿಯಲ್ಲಿ ಬೆರೆತು ಹೊರಬರುತ್ತವೆ; ಬೆರೆಯದಿದ್ದರೆ ಗಟ್ಟಿಯಾಗುವುದಿಲ್ಲ. ಹೊಸ ಟ್ಯೂಬು ಶುರುಮಾಡಿದಾಗ ಬಣ್ಣ ಒಂದೇ ಸಮ ಬೂದಿಯಾಗುವ ತನಕ ಹಿಂಡಿ ಚೆಲ್ಲಬೇಕು. ಆರನೆಯದಕ್ಕೆ ಹೊಸ ಟ್ಯೂಬು ಹಾಕಿದ್ದು ಮಾಮನಿಗೆ ನೆನಪಿತ್ತು. ಅದೇ ಹೊತ್ತಿಗೆ ಕೆಳಗಿನಿಂದ ಅಕ್ಕ, "ಏನೋ, ಬಂಡೆಗೆ ಹಲ್ಲುಜ್ಜಿಸ್ತಿದ್ದೀಯಾ?" ಎಂದು ಕೂಗಿದ್ದೂ, ತಾವು ನಕ್ಕಿದ್ದೂ ನೆನಪಿತ್ತು. ಚೆಲ್ಲಿದ್ದು ಮಾತ್ರ ನೆನಪಿರಲಿಲ್ಲ.

ಅಂಗಡಿ ಮುಚ್ಚಿ ಎರಡು ಬೀದಿ ಆಚೆಯ ಅಕ್ಕನ ಮನೆಗೆ ನಡೆದರು. ಅಕ್ಕ ಕುರ್ಚಿಯಲ್ಲಿ ಕೂತು, ಪಾದಕ್ಕೆ ಮರಳಿನ ಚೀಲ ಕಟ್ಟಿಕೊಂಡು, ಕಾಲು ಎತ್ತಿ ಇಳಿಸುತ್ತಿದ್ದರು. ಮಾಮ ರಟ್ಟು ಮುಂದೆ ಹಿಡಿದು, ಅವರ ಜೋಕಿಗೆ ನಗುತ್ತ ಅಂಟು ಚೆಲ್ಲುವುದನ್ನೇ ಮರೆತಿರಬೇಕೆಂದು ಹೇಳಿದರು.

ಅಕ್ಕ ಒತ್ತಿ ನೋಡಿದರು. "ಮೊದಲು ರಟ್ಟಿಗೆ ತಾನೇ ಇಟ್ಟಿದ್ದು? ಕೆಟ್ಟದ್ದೆಲ್ಲ ಇಲ್ಲೇ ಬಂದಿರ್ಬಹುದಲ್ಲ. ಒಳಗಡೆ ಗಟ್ಟಿಯಾಗಿರುತ್ತೆ."

"ಇರ್ಬಹುದು."

"ಮತ್ತೆ?"

"ಇರ್ಬಹುದು ಅಂತ ನಿನ್ನ ಹತ್ತಿಸ್ಲಾ? ಆಗಲ್ಲಕ್ಕ. ನಾಳೆ ನಾನೇ ಇಳಿದು ನೋಡ್ತೀನಿ. ಹೊಸದು ಹಾಕಬೇಕಾದ್ರೆ ನಾಳೆ ನೀನು ಪೂರ್ತಿ ಹತ್ತೋಹಾಗಿಲ್ಲ."

"ಸೋಮವಾರ ಡಾಕ್ಟರು..."

"ಗೊತ್ತು."

"ಒಂದು ಜೋಕಿಗೆ ಇಷ್ಟು ದಂಡನಾ?" ಎಂದು ಅಕ್ಕ ಮರಳಿನ ಚೀಲ ಬಿಚ್ಚಿ ಎಸೆದರು.

ಭಾನುವಾರ ಬೆಳಿಗ್ಗೆ ಮಾಮ ಹಗ್ಗದಲ್ಲಿ ಇಳಿದು ಆರನೇ ಬೋಲ್ಟಿನ ಕಣ್ಣಿಗೆ ಸರಳು ತೂರಿಸಿ ತಿರುಗಿಸಿದರು. ಬೆಣ್ಣೆಗೆ ಸಿಕ್ಕಿಸಿದ ಚಮಚದಂತೆ ಅದು ತಿರುಗಿತು. ಎಳೆದರೆ ಕೈಗೇ ಬಂತು. ಅವರು ಬೋಲ್ಟನ್ನು ಎತ್ತಿ ಹಿಡಿದು ತೋರಿಸಿದರು. ಬುಡದಲ್ಲಿ ನಿಂತ ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಸರಿ ಬಿಡು," ಎಂದರು. "ಐದರ ತನಕ ಗಟ್ಟಿ ತಾನೇ? ಅಲ್ಲಿವರೆಗೆ ಬರ್ತೀನಿ."

ಬುಡದಲ್ಲಿ ಗೆಳತಿಯ ಕೈಗೆ ಹಗ್ಗ ಕೊಟ್ಟು, ನಿಧಾನವಾಗಿ, ಮಂಡಿಯನ್ನು ಕೇಳಿ ಕೇಳಿ ಹೆಜ್ಜೆಯಿಡುತ್ತ ಬಂದರು. ಐದನೆಯದಕ್ಕೆ ಹಗ್ಗ ಸಿಕ್ಕಿಸಿ, ಅದರ ಮೇಲಿನ ಅಂಚಿನಲ್ಲಿ ನಿಂತು, ಹಳೆಯ ತೂತನ್ನು ನೋಡಿದರು.

"ಇಷ್ಟು ಮೇಲಾ? ಜಿರಾಫೆಗೆ ಮಾಡಿದ್ಯೇನೋ ದಾರಿನ?"

ಮಾಮ ಪೆಚ್ಚಾದರು. ಇಷ್ಟು ವರ್ಷ ತಮ್ಮ ಕೈ ಅಳತೆಗೇ ಗುರುತು ಹಾಕಿದ್ದರು. "ಎಲ್ಲಿ ಬೇಕು ಹೇಳು."

ಅಕ್ಕ ಕೈ ಚಾಚಿ, ಹಳೆಯ ತೂತಿಗಿಂತ ಒಂದೂವರೆ ಗೇಣು ಕೆಳಗೆ, ಕೈ ಜಾರದಿರಲೆಂದು ಬೆರಳಿಗೆ ಹಚ್ಚಿಕೊಂಡಿದ್ದ ಸೀಮೆಸುಣ್ಣದ ಗುರುತೊತ್ತಿದರು. ಅವರು ಕೆಳಗಿಳಿದ ಮೇಲೆ ಮಾಮ ಅಲ್ಲೇ ಕೊರೆದರು. ಉಫ್, ನಾಲ್ಕು ಸಲ. ಅಂಟು ಹಿಂಡುವಾಗ ಕೆಳಗಿನಿಂದ ಜೋಕು ಬರಲಿಲ್ಲ, ಆಜ್ಞೆ ಬಂತು: "ಚೆಲ್ಲು! ಇನ್ನೂ ಚೆಲ್ಲು!"

ಸೋಮವಾರ ಡಾಕ್ಟರು ಮಂಡಿ ಮಡಿಸಿ, ಬಿಡಿಸಿ, ಈಚೆಗೆ ಏನಾದರೂ ಹತ್ತಿದಿರಾ ಎಂದು ಕೇಳಿದರು. "ಐದು ಬೋಲ್ಟು," ಎಂದರು ಅಕ್ಕ ಮುಖ ಗಂಟುಹಾಕಿ. ನೋವು, ಊತ ಎರಡೂ ಇರಲಿಲ್ಲ. ಮಿಕ್ಕಿದ್ದನ್ನೂ ಹತ್ತಬಹುದು, ಆದರೆ ಎಲ್ಲಿಂದಲೂ ಧುಮುಕಬಾರದು ಎಂದರು ಡಾಕ್ಟರು.

ಮುಂದಿನ ಭಾನುವಾರ ಅಕ್ಕ ಹಗ್ಗ ಕಟ್ಟಿಕೊಳ್ಳುವ ಮುನ್ನ ರಟ್ಟು ಕೇಳಿ ಪಡೆದು, ಹೊಸ ಬೊಟ್ಟಿಗೆ ಉಗುರೊತ್ತಿ, ತಲೆಯಾಡಿಸಿದರು. ಈ ಸಲ ಹಗ್ಗ ಹಿಡಿದವರು ಮಾಮ. ಆರನೆಯದಕ್ಕೆ ಅಕ್ಕನ ಕೈ ಆರಾಮಾಗಿ ಮುಟ್ಟಿತು. ಏಳನೆಯದಕ್ಕೆ ತುದಿಗಾಲಲ್ಲಿ ನಿಂತು ಎರಡು ಸಲ ಎಟುಕಿಸಬೇಕಾಯಿತು. ಹನ್ನೊಂದೂ ಮುಗಿಸಿ, ತುದಿಯಲ್ಲಿ ಕೂತು, ಕಾಲಾಡಿಸುತ್ತ ಕೂಗಿದರು:

"ಲೋ! ಏಳು, ಎಂಟು, ಒಂಬತ್ತು ಹಾಕೋವಾಗ್ಲೂ ಯಾಕೆ ನಗಿಸ್ಲಿಲ್ಲ ನಾನು? ಅವನ್ನೂ ಕೆಳಗಿಳಿಸ್ಬೇಕು!"

ಮಾಮ ಉಫ್ ಎಂದು ರಟ್ಟಿನ ಮೇಲಿನ ಧೂಳು ಊದಿ, ಜೇಬಿನಿಂದ ಪೆನ್ಸಿಲ್ ತೆಗೆದು, ರಟ್ಟಿನ ಹಿಂಬದಿಯಲ್ಲಿ ಮೂರೂ ಸಂಖ್ಯೆ ಬರೆದುಕೊಂಡರು.