ತೊಟ್ಟಿಯ ಅಂಚಿನಲ್ಲಿ ಹಿಡಿದ ಕೈ

ದೆವ್ವ ಭೂತ ಅಂದರೆ ನಾನು ಮುಖದ ಮೇಲೇ ನಗುತ್ತಿದ್ದವಳು. ಕಾಫಿ ಎಸ್ಟೇಟುಗಳ ಹಳೇ ಕಟ್ಟಡಗಳನ್ನು ಆಫೀಸು, ಹೋಮ್‌ಸ್ಟೇ ಅಂತ ಒಳಗಿಂದ ಹೊಸದು ಮಾಡಿಕೊಡೋದು ನನ್ನ ಕಸುಬು. ಕೆಲಸದವರು "ಇಲ್ಲೇನೋ ಐತೆ ಕಣಕ್ಕ" ಅಂದಾಗಲೆಲ್ಲ, "ಇದ್ರೆ ಕರೀರಿ, ಬಂದು ಸುಣ್ಣ ಬಳೀಲಿ" ಅಂತ ರೇಗಿಸುತ್ತಿದ್ದೆ. ಈಗ ಆ ಮಾತು ನನ್ನ ಬಾಯಿಂದ ಬರೋದಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಗೆಳತಿ ಶಬಾನಾ, ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ಪಾಳುಬಿದ್ದ ಪಲ್ಪರ್ ಹೌಸನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮಿಷನ್ ಮನೆಯನ್ನು, ಬಾಡಿಗೆಗೆ ಹಿಡಿದಳು. ಸಕಲೇಶಪುರದ ಕಾಫಿ ವ್ಯಾಪಾರಿಗಳ ಮನೆ ಹುಡುಗಿ. ಆನಿಮೇಷನ್, ವಿಡಿಯೊ ಗೇಮ್ ಮಾಡೋ ಸ್ಟುಡಿಯೊ ತೆರೆಯೋಳಿದ್ದಳು. ಒಳಗೆ ನಟ್ಟ ನಡುವೆ, ಹಿಂದೆ ಕಾಫಿ ಹಣ್ಣು ಸುರಿಯುತ್ತಿದ್ದ ಸಿಮೆಂಟಿನ ತೊಟ್ಟಿ. ಎರಡಾಳು ಆಳ. ತಳದಲ್ಲಿ ಹಳೇ ಮಿಷನ್ನಿನ ತುಕ್ಕು ಹಿಡಿದ ಕಬ್ಬಿಣ. ಅದರ ಮೇಲೆ ದಪ್ಪ ಗಾಜು ಹಾಸಿ, ಕೆಳಗೆ ದೀಪ ಬಿಟ್ಟು, ಹುಡುಗರು ಅಲ್ಲೇ ಕೂತು ಕೆಲಸ ಮಾಡೋ ಹಾಗೆ ಡಿಸೈನ್ ಮಾಡಿದ್ದೆ. ನನಗಂತೂ ಅದರ ಮೇಲೆ ಭಾರೀ ಜಂಬ.

ಶಬಾನಾಳ ಹತ್ತಿರ ವಿಆರ್ ಹೆಡ್‌ಸೆಟ್ ಇತ್ತು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಹೊರಗಿನದೇನೂ ಕಾಣೋದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಆಫೀಸೇ ಸುತ್ತ ಕಾಣುತ್ತೆ, ಅದರೊಳಗೇ ನಡೆದಾಡಿದ ಹಾಗಿರುತ್ತೆ. ಆ ಕಟ್ಟಡದಲ್ಲೇ ಹಾಕಿಕೊಂಡು ನೋಡೋಣ ಅನ್ನೋ ದುರ್ಬುದ್ಧಿ ನನ್ನದೇ.

"ತೊಟ್ಟಿ ಬಾಯಿ ತೆರ್ಕೊಂಡು ಕೂತಿದೆ ಮಾರಾಯ್ತಿ. ಗೋಡೆ ಪಕ್ಕಾನೇ ಹೋಗೋಣ, ನಾನು ಕೈ ಹಿಡ್ಕೊಂಡು ನಡೆಸ್ತೀನಿ" ಅಂದಳು ಶಬಾನಾ.

ಮಧ್ಯಾಹ್ನದ ಹೊತ್ತು, ಹೊರಗೆ ಮಂಜು ಇಳಿದಿತ್ತು. ನಾನು ಅವಳಿಗೆ ಬೆನ್ನು ಮಾಡಿ ನಿಂತು ಹೆಡ್‌ಸೆಟ್ ಬಿಗಿದುಕೊಂಡು ಬಲಗೈ ಚಾಚಿದೆ. ಕೈ ಸಿಕ್ಕಿತು. ನಡೆದೆವು. ನನ್ನ ಮೇಜುಗಳು, ನಾನೇ ಆರಿಸಿದ ಹಸಿರು ಕುರ್ಚಿಗಳು, ಎಲ್ಲಿ ನೋಡಿದರೂ ನುಣುಪಾದ ನೆಲ. "ಹೆಂಗಿದೆ ಹೇಳೇ" ಅಂತ ಒಂದೇ ಸಮನೆ ಬಡಬಡಿಸುತ್ತಾ ಹೋದೆ. ಅವಳು ಮಾತಾಡಲಿಲ್ಲ. ಹಿಡಿದ ಕೈ ತಣ್ಣಗಿತ್ತು, ಅಂಗೈ ಒರಟು. ಗಾಜಿನ ಬಳೆಗಳು ನನ್ನ ಮಣಿಕಟ್ಟಿಗೆ ತಾಗುತ್ತಿದ್ದವು. ಇವಳು ಯಾವಾಗ ಬಳೆ ತೊಟ್ಟಳಪ್ಪಾ ಅಂದುಕೊಂಡೆ, ಅಷ್ಟೇ.

ಆಗ ಹೊರಗೆ, ದೂರದ ಗೇಟಿನ ಕಡೆಯಿಂದ ಶಬಾನಾಳ ದನಿ ಕೇಳಿತು. "ಫೋನ್ ಬಂತು ಅಂತ ಈಚೆ ಬಂದೆ ಕಣೇ! ನಾನ್ ಬರೋವರೆಗೂ ಅದನ್ನ ಹಾಕ್ಕೋಬೇಡ!"

ನಿಂತುಬಿಟ್ಟೆ. ಆದರೆ ನನ್ನನ್ನು ಹಿಡಿದಿದ್ದ ಕೈ ಬಿಡಲಿಲ್ಲ, ಇನ್ನೂ ಬಿಗಿಯಾಯಿತು. ಎಡಗೈಯಿಂದ ಹೆಡ್‌ಸೆಟ್ ಕಿತ್ತೆ. ಪಕ್ಕದಲ್ಲಿ ಯಾರೂ ಇಲ್ಲ. ನನ್ನ ಕಾಲ್ಬೆರಳುಗಳು ತೊಟ್ಟಿಯ ಅಂಚು ದಾಟಿದ್ದವು. ಹಾಗೇ ಹಿಂದಕ್ಕೆ ಕುಸಿದು, ತೆವಳಿಕೊಂಡು ಗೋಡೆ ಸೇರಿದೆ. ಮನೆಯಲ್ಲಿ ಬಿಟ್ಟು ಬಂದಿದ್ದ ಮಗಳು ನೆನಪಾಗಿ ಅತ್ತುಬಿಟ್ಟೆ.

ವಿಷಯ ತಿಳಿದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ಶಿವಣ್ಣ, "ಅದು ನಿಮ್ಮನ್ನ ಕರ್ಕಂಡ್ ಹೋಯ್ತಿತ್ತು ಕಣಕ್ಕ. ಇವರು ಕೂಗಿದ್ದಕ್ಕೆ ಉಳ್ಕಂಡ್ರಿ" ಅಂದರು. ಶಬಾನಾ ಒಪ್ಪಲಿಲ್ಲ. "ನೀನೇ ಸೀದಾ ತೊಟ್ಟಿ ಕಡೆ ನಡೆದಿರ್ತೀಯ. ಬೀಳದ ಹಾಗೆ ಹಿಡ್ಕೊಂಡಿದ್ದು ಅದು" ಅಂದಳು. ಹೆಡ್‌ಸೆಟ್ ಹಾಕಿಕೊಂಡರೆ ತಲೆ ಹಾಗೇ ಆಡುತ್ತೆ, ಭ್ರಮೆ ಅಂದವರೂ ಇದ್ದಾರೆ. ಇರಬಹುದು, ಅಲ್ಲ ಅನ್ನೋಕೆ ನಾನ್ಯಾರು? ಗಾಜಿನ ಆಸೆ ಬಿಟ್ಟು ತೊಟ್ಟಿಗೆ ಮಣ್ಣು ತುಂಬಿಸಿದೆವು. ಸ್ಟುಡಿಯೊ ಚೆನ್ನಾಗಿ ನಡೀತಿದೆ. ಎಷ್ಟು ಕರೆದರೂ ನಾನು ಒಳಗೆ ಕಾಲಿಟ್ಟಿಲ್ಲ.

ಕೊನೇ ಗಳಿಗೆಯಲ್ಲಿ ಆ ಕೈ ಬಿಗಿಯಾಯಿತಲ್ಲ, ಅದು ನನ್ನನ್ನು ಮುಂದಕ್ಕೆಳೆಯಿತೋ ಹಿಂದಕ್ಕೆಳೆಯಿತೋ, ಎಷ್ಟು ಯೋಚಿಸಿದರೂ ನೆನಪಾಗೋದಿಲ್ಲ. ಆಕೆ ಯಾರೇ ಆಗಿರಲಿ, ಕೈ ಮುಗಿಯಬೇಕೋ, ಶಾಪ ಹಾಕಬೇಕೋ, ನನಗೆ ಇವತ್ತಿಗೂ ಗೊತ್ತಿಲ್ಲ.